ಕನ್ನಂಬಾಡಿಗೆ ಕಟ್ಟಿದ ಬುತ್ತಿ

ನಮ್ಮಪ್ಪನನ್ನು ಯಾರಾದರೂ ಜಿಪುಣ ಅಂದರೆ ನಾನು ಈಗಲೂ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತೇನೆ. ಜಿಪುಣನಾದವನು ಮನೆ ಬಿಟ್ಟು ಕದಲುವುದಿಲ್ಲ. ಅಪ್ಪನಿಗೆ ಮಕ್ಕಳಿಗೆ ಊರು ತೋರಿಸುವ ಹುಚ್ಚು. ಸರ್ಕಾರಿ ಕಚೇರಿಯ ಗುಮಾಸ್ತರು, ಜಯನಗರದಲ್ಲಿ ಬಾಡಿಗೆ ಮನೆ, ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ, ನಾನು, ನನ್ನ ತಮ್ಮ. ಬಾಡಿಗೆ, ಸ್ಕೂಲು, ಅಜ್ಜಿಯ ಕಷಾಯ ಮಾತ್ರೆ ಎಲ್ಲ ಕಳೆದ ಮೇಲೆ ಆ ಸಂಬಳದಲ್ಲಿ ಏನು ಉಳಿಯುತ್ತಿತ್ತೋ ದೇವರಿಗೇ ಗೊತ್ತು. ಆದರೂ ಬೇಸಿಗೆ ರಜ ಬಂತೆಂದರೆ ಅಪ್ಪ ಚಾಪೆಯ ಮೇಲೆ ರೈಲ್ವೆ ವೇಳಾಪಟ್ಟಿ ಹರಡಿಕೊಂಡು ಕೂತುಬಿಡುತ್ತಿದ್ದರು.

"ಸಾಹುಕಾರರ ಮಕ್ಕಳು ನೋಡೋದನ್ನೆಲ್ಲ ನಮ್ಮ ಮಕ್ಕಳೂ ನೋಡ್ಬೇಕು," ಅನ್ನುತ್ತಿದ್ದರು. "ಆದರೆ ಸಾಹುಕಾರರು ಕೊಡೋ ದುಡ್ಡು ನಾವು ಕೊಡಬಾರದು."

ಅದಕ್ಕೆ ಅವರದೇ ಸೂತ್ರಗಳಿದ್ದವು. ಎಕ್ಸ್‌ಪ್ರೆಸ್ ಗಾಡಿ ಹತ್ತಬಾರದು, ಪ್ಯಾಸೆಂಜರ್ ಗಾಡಿಯೂ ಅದೇ ಊರಿಗೇ ಹೋಗುತ್ತದೆ. ಲಾಡ್ಜಿಗೆ ಕಾಲಿಡಬಾರದು, ಛತ್ರದಲ್ಲೂ ನಿದ್ದೆ ಬರುತ್ತದೆ. ಶನಿವಾರ ಭಾನುವಾರ ಹೋಗಬಾರದು, ಆವತ್ತು ಜಟಕಾದವನಿಂದ ಹಿಡಿದು ಕಡಲೆಕಾಯಿಯವನವರೆಗೆ ಎಲ್ಲರ ಬಾಯಲ್ಲೂ ಒಂದಕ್ಕೆ ಎರಡು. ಸ್ಟೇಷನ್ನಿಗೆ ಸಿಟಿ ಬಸ್ಸೇ ಹೊರತು ಆಟೋ ಇಲ್ಲ. ಎಲ್ಲಕ್ಕಿಂತ ದೊಡ್ಡ ಸೂತ್ರ, ಹೊರಗಡೆ ಊಟ ಮಾಡಬಾರದು. "ಹೊಟ್ಟೆಗೆ ಹಾಕಿದ ದುಡ್ಡು ನಾಳೆ ಬೆಳಿಗ್ಗೆ ಹೊತ್ತಿಗೆ ಏನಾಗಿರತ್ತೆ ಯೋಚನೆ ಮಾಡಿ," ಅಂತ ಅವರು ಕೇಳಿದರೆ ನಾನೂ ತಮ್ಮನೂ ಬಿದ್ದು ಬಿದ್ದು ನಗುತ್ತಿದ್ದೆವು.

ನಗದೆ ಇರುತ್ತಿದ್ದವಳು ಅಮ್ಮ. ಯಾಕೆಂದರೆ ಆ ಕೊನೆಯ ಸೂತ್ರದ ಅಷ್ಟೂ ಭಾರ ಬೀಳುತ್ತಿದ್ದದ್ದು ಅವಳ ಮೇಲೆ. ಹೊರಡುವ ಹಿಂದಿನ ದಿನವೆಲ್ಲ ಒಲೆಯ ಮುಂದೆ, ಹೋದ ಕಡೆ ಜಮಖಾನ ಹಾಸಿ ಬಡಿಸುವುದು, ಆಮೇಲೆ ಡಬ್ಬಿ ತಟ್ಟೆಗಳನ್ನೆಲ್ಲ ತೊಳೆಯಲು ನೀರು ಹುಡುಕಿಕೊಂಡು ಹೋಗುವುದು. ನಂದಿ ಬೆಟ್ಟಕ್ಕೆ ಹೋಗಿ ಬಂದ ಮೇಲೆ ಅಜ್ಜಿ "ಏನೇನು ನೋಡಿದ್ಯೇ?" ಅಂತ ಕೇಳಿದ್ದಕ್ಕೆ ಅಮ್ಮ, "ನಲ್ಲಿ ನೋಡಿದೆ ಅತ್ತೆ, ಚೆನ್ನಾಗಿ ನೀರು ಬರತ್ತೆ," ಅಂದಿದ್ದಳು. ಆಗ ನಮಗೆ ಅದೂ ತಮಾಷೆಯೇ.

ಈಗಿನ ಹಾಗೆ ನೀರಿನ ಜಾರುಬಂಡೆ, ತಿರುಗುವ ತೊಟ್ಟಿಲು, ಭೂತದ ಮನೆ ಎಲ್ಲ ಒಂದೇ ಕಾಂಪೌಂಡಿನೊಳಗೆ ಇರುವ ಪಾರ್ಕುಗಳು ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನಮ್ಮ ಕಡೆ ಇರಲಿಲ್ಲ. ನಮಗೆ ಸ್ವರ್ಗ ಅಂದರೆ ಕನ್ನಂಬಾಡಿಯ ತೋಟ. ಕಾರಂಜಿ, ಬಣ್ಣಬಣ್ಣದ ದೀಪ, ದೋಣಿ, ಅಣೆಕಟ್ಟು. ತೋಟದ ಮೇಲ್ಗಡೆ ಒಂದು ದೊಡ್ಡ ಹೋಟೆಲ್ಲು. ಕ್ಲಾಸಿನಲ್ಲಿ ಯಾರಾದರೂ "ನಾವು ಆ ಹೋಟ್ಲಲ್ಲೇ ಉಳ್ಕೊಂಡಿದ್ವಿ" ಅಂದರೆ ಮುಗಿಯಿತು, ಆ ಇಡೀ ತಿಂಗಳು ಅವಳು ಹೇಳಿದ್ದೇ ವೇದವಾಕ್ಯ.

ನಮ್ಮ ಬೀದಿಯಲ್ಲಿ ಆ ಭಾಗ್ಯ ಕಂಡವರು ಮೂಲೆಮನೆ ಆಂಟಿ. ಅವರ ಯಜಮಾನರು ಬ್ಯಾಂಕಿನಲ್ಲಿ ಆಫೀಸರು. ಜಂಬವಿಲ್ಲದ ಹೆಂಗಸು, ಆದರೆ ಕಂಡದ್ದನ್ನು ಹೇಳದೆ ಇರಲಾರರು. ಒಂದು ಮಧ್ಯಾಹ್ನ ನಮ್ಮ ಮನೆ ಜಗುಲಿಯಲ್ಲಿ ಕೂತು ಅಮ್ಮನ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಆ ಹೋಟೆಲಿನ ಊಟದ ಕತೆ ತೆಗೆದರು.

"ಏನ್ ಹೇಳ್ಲಿ ರೀ! ಟೇಬಲ್ ಮೇಲೆ ಬಿಳೀ ಬಟ್ಟೆ ಹಾಸಿರ್ತಾರೆ. ನಾವು ಸುಮ್ನೆ ಕೂತ್ಕೊಂಡ್ರೆ ಸಾಕು. ತಂದು ಬಡಿಸ್ತಾರೆ. ನೀರು ಮುಗಿದ್ರೆ ಅವರೇ ಹಾಕ್ತಾರೆ. ತಟ್ಟೆನೂ ಅವರೇ ತೆಗೀತಾರೆ."

ಅಮ್ಮನ ಕೈ ನಿಂತಿತು. "ತಟ್ಟೆನೂನಾ?"

"ಹ್ಞೂಂ ರೀ. ಊಟ ಮುಗಿಯೋವರೆಗೂ ನಾವು ಎದ್ದೇಳೋ ಹಾಗೇ ಇಲ್ಲ."

ಅಮ್ಮ ಮತ್ತೆ ಬೀಜ ಬಿಡಿಸತೊಡಗಿದಳು. ಆದರೆ ಅಂದು ಸಂಜೆ, ಅಪ್ಪ ಕಾಫಿ ಕುಡಿಯುತ್ತಾ ಈ ಸಲ ಮೈಸೂರು, ಕನ್ನಂಬಾಡಿ, ಝೂ ಎಂದು ಘೋಷಣೆ ಮಾಡಿದಾಗ, ಬಾಗಿಲಿಗೆ ಒರಗಿ ನಿಂತು ಹೇಳಿಯೇಬಿಟ್ಟಳು.

"ರೀ, ಕನ್ನಂಬಾಡೀಲಿ ಒಂದೇ ಒಂದು ಹೊತ್ತು ನಾನು ಆ ಹೋಟ್ಲಲ್ಲಿ ಕೂತು ಊಟ ಮಾಡ್ಬೇಕು."

ಅಪ್ಪ ಲೋಟ ಕೆಳಗಿಟ್ಟರು. ನಮ್ಮ ಮನೆಯಲ್ಲಿ ಅಮ್ಮ ಏನನ್ನಾದರೂ ಬೇಕು ಅಂದದ್ದು ನಾನು ಅದೇ ಮೊದಲು ಕೇಳಿದ್ದು. ಅಕ್ಕಿ ಬೇಕು, ಬೇಳೆ ಬೇಕು, ಮಗಳಿಗೆ ಲಂಗ ಬೇಕು ಅನ್ನುತ್ತಿದ್ದಳು, ಅದು ಬೇರೆ. ತನಗೆ ಅಂತ ಒಂದು ರಿಬ್ಬನ್ನೂ ಕೇಳಿದವಳಲ್ಲ.

"ನೋಡೋಣ," ಅಂದರು ಅಪ್ಪ.

ನಮ್ಮ ಮನೆಯಲ್ಲಿ ನೋಡೋಣ ಅಂದರೆ ಇಲ್ಲ ಅಂತ. ಮೂಗಿಗೆ ತುಪ್ಪ ಸವರುವ ಮಾತು. ಅದು ಅಮ್ಮನಿಗೂ ಗೊತ್ತಿತ್ತು. ಅವಳು ಬಿಡಲಿಲ್ಲ. "ಮಿಕ್ಕಿದ್ದೆಲ್ಲ ನಾನೇ ಮಾಡ್ಕೊಂಡು ಬರ್ತೀನಿ. ಮೂರು ದಿನಕ್ಕೂ. ಹೊರಗಡೆ ಒಂದು ಲೋಟ ಕಾಫಿನೂ ಕೇಳಲ್ಲ. ಆ ಒಂದು ಊಟ ಸಾಕು."

ಅಪ್ಪ ಮೇಲೆ ನೋಡಿದರು, ಕೆಳಗೆ ನೋಡಿದರು, ಮೀಸೆ ಸವರಿಕೊಂಡರು. ಆಮೇಲೆ, "ಆಯ್ತು. ಮಿಕ್ಕ ಊಟ ಎಲ್ಲಾ ನಿನ್ನ ಬುತ್ತೀಲೇ ಮುಗಿದ್ರೆ, ಆ ಒಂದು ಊಟ ನನ್ನ ಕಡೆಯಿಂದ," ಅಂದರು.

ಅಮ್ಮ ಒಳಗೆ ಹೋದಳು. ಒಳಗಿನಿಂದ ಅವಳು ಏನೋ ದೇವರನಾಮ ಗುನುಗುವುದು ಕೇಳಿಸಿತು. ಅಜ್ಜಿ ನನ್ನ ಕಡೆ ತಿರುಗಿ, "ನಿಮ್ಮಮ್ಮನಿಗೆ ಏನಾಯ್ತೇ ಇವತ್ತು?" ಅಂದಳು.

ಆಮೇಲಿನ ಒಂದು ವಾರ ನಮ್ಮ ಮನೆ ಮದುವೆ ಮನೆಯಾಯಿತು. ಯಡಿಯೂರಿನ ಫ್ಲೋರ್ ಮಿಲ್ಲಿಗೆ ನಾನು ಅಕ್ಕಿ ಹೊತ್ತುಕೊಂಡು ಹೋದೆ, ಹುರಿಗಡಲೆ ಹೊತ್ತುಕೊಂಡು ಹೋದೆ. ಕೋಡುಬಳೆ ಕರಿದದ್ದಾಯಿತು, ನಿಪ್ಪಟ್ಟು ತಟ್ಟಿದ್ದಾಯಿತು, ರವೆಉಂಡೆ ಕಟ್ಟಿದ್ದಾಯಿತು. ಚಟ್ನಿಪುಡಿ ಎರಡು ಬಗೆ. ಗೊಜ್ಜವಲಕ್ಕಿಗೆ ಪುಡಿ, ಅದಕ್ಕೆ ಬೇರೆ ಡಬ್ಬಿ. ಗಾಡಿಯಲ್ಲಿ ತಿನ್ನಲು ಪುಳಿಯೋಗರೆ. ಎಣ್ಣೆ ಹಚ್ಚಿ ಮೆತ್ತಗೆ ಬೇಯಿಸಿದ ಚಪಾತಿಗಳನ್ನು ಹಳೆ ಪಂಚೆಯಲ್ಲಿ ಸುತ್ತಿಟ್ಟಳು. ಎಲ್ಲ ಒಂದು ಖಾಕಿ ಕ್ಯಾನ್ವಾಸ್ ಚೀಲಕ್ಕೆ ಹೋಯಿತು. ನಾನು ಕದ್ದು ಒಂದು ಕೋಡುಬಳೆಗೆ ಕೈ ಹಾಕಿದರೆ ಕೈ ಮೇಲೆ ಪಟಾರ್ ಅಂತ ಏಟು. "ಮುಟ್ಟಿದ್ರೆ ನೋಡು! ಅದು ಶುಕ್ರವಾರದ್ದು!"

ಹೊರಡುವುದು ಗುರುವಾರ ಬೆಳಿಗ್ಗೆ ಎಂದು ಅಪ್ಪ ಗೊತ್ತು ಮಾಡಿದ್ದರು. ಶುಕ್ರವಾರ ಕನ್ನಂಬಾಡಿ, ಶನಿವಾರ ಬೆಳಿಗ್ಗೆ ಝೂ, ವಾರದ ಕೊನೆಯ ಜನ ಬಂದು ನುಗ್ಗುವ ಹೊತ್ತಿಗೆ ನಾವು ವಾಪಸ್ಸು ಬರುವ ಗಾಡಿಯಲ್ಲಿ. ಅಜ್ಜಿ ಪಂಚಾಂಗ ತೆಗೆದಳು.

"ಗುರುವಾರ ದಕ್ಷಿಣಕ್ಕೆ ಶೂಲೆ ಕಣೋ. ಮಕ್ಕಳುಮರಿ ಕಟ್ಕೊಂಡು ಹೋಗ್ತೀಯಾ, ನಾನು ಒಪ್ಪಲ್ಲ."

"ಅಮ್ಮಾ, ಶುಕ್ರವಾರ ಹೊರಟರೆ ವಾಪಸ್ಸು ಬರೋದು ಭಾನುವಾರ. ಆವತ್ತು ಎಲ್ಲದಕ್ಕೂ ರೇಟು ಎರಡರಷ್ಟು."

"ಹಾಗಾದ್ರೆ ಬುಧವಾರವೇ ಪ್ರಸ್ಥಾನ ಇಡು."

ಹೊಸ ಕಾಲದವರಿಗೆ ಇದನ್ನು ಹೇಳಬೇಕು. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ಹೊತ್ತು ನೋಡಿ, ಪ್ರಯಾಣದ ಸಾಮಾನಿನಲ್ಲಿ ಒಂದನ್ನು ತೆಗೆದುಕೊಂಡು ಹೋಗಿ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಪ್ರಯಾಣ ಆ ಹೊತ್ತಿಗೇ ಶುರುವಾಯಿತು ಅಂತ ಅರ್ಥ. ಮಾರನೇ ದಿನ ಹೋಗುತ್ತಾ ಅದನ್ನು ಎತ್ತಿಕೊಂಡು ಹೋದರೆ ಸರಿ, ಯಾವ ಶೂಲೆಯೂ ತಟ್ಟುವುದಿಲ್ಲ. ಅಪ್ಪನಿಗೆ ಇದು ತುಂಬ ಹಿಡಿಸುತ್ತಿತ್ತು, ಖರ್ಚಿಲ್ಲದ ಪರಿಹಾರ ನೋಡಿ.

ಸಾಮಾನ್ಯವಾಗಿ ಇಡುವುದು ಬಟ್ಟೆಯ ಗಂಟು. ಆದರೆ ಬುಧವಾರ ಸಂಜೆ ನಮ್ಮ ಬಟ್ಟೆಗಳು ಇನ್ನೂ ತಂತಿಯ ಮೇಲೆ ಒದ್ದೆಯಾಗಿ ನೇತಾಡುತ್ತಿದ್ದವು, ಅಪ್ಪನ ಶರ್ಟುಗಳು ಇಸ್ತ್ರಿಯವನ ಹತ್ತಿರ. ಇಡೀ ಮನೆಯಲ್ಲಿ ಕಟ್ಟಿ ರೆಡಿಯಾಗಿದ್ದದ್ದು ಬುತ್ತಿಯ ಚೀಲ ಒಂದೇ. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೆ ಒಂದು ಅಡಿಕೆ ಇಟ್ಟಳು. ಅಪ್ಪ ಅದನ್ನು ಹೊತ್ತುಕೊಂಡು ಹೋಗಿ ಮೂಲೆಮನೆ ಆಂಟಿಯ ಮನೆಯ ಪಡಸಾಲೆಯಲ್ಲಿ ಇಟ್ಟು ಬಂದರು. ಬಸ್ ಸ್ಟಾಪು ಅವರ ಮನೆ ದಾಟಿದರೆ ಅಲ್ಲೇ. ದಾರಿಯಲ್ಲೇ ಸಿಗುತ್ತದಲ್ಲ, ಇದಕ್ಕಿಂತ ಅನುಕೂಲ ಇನ್ನೇನು?

ಗುರುವಾರ ಬೆಳಿಗ್ಗೆ ನಾವು ಗೇಟು ದಾಟುವುದಕ್ಕೂ ಬೀದಿಯ ಆ ತುದಿಯಲ್ಲಿ ಕೆಂಪು ಬಸ್ಸು ತಿರುಗುವುದಕ್ಕೂ ಸರಿಹೋಯಿತು.

"ಓಡಿ! ಓಡಿ! ಇದು ತಪ್ಪಿದ್ರೆ ಆಟೋನೇ ಗತಿ!" ಅಪ್ಪ ಕೂಗಿದರು.

ಆಟೋ ಅನ್ನುವ ಶಬ್ದ ಕೇಳಿದರೆ ಸಾಕು, ನಮ್ಮ ಮನೆಯವರ ಕಾಲಿಗೆ ಚಕ್ರ ಬರುತ್ತಿತ್ತು. ಅಪ್ಪ ಟ್ರಂಕು ಹೊತ್ತು ಮುಂದೆ, ಅಮ್ಮ ತಮ್ಮನನ್ನು ಎಳೆದುಕೊಂಡು ಹಿಂದೆ, ನಾನು ನೀರಿನ ಕೂಜ ತಬ್ಬಿಕೊಂಡು ಅದರ ಹಿಂದೆ. ಬಾಗಿಲಿನಿಂದ ಅಜ್ಜಿ, "ಹಿಂದಿರುಗಿ ನೋಡಬೇಡ್ರೋ! ಹೊರಟ ಮೇಲೆ ಹಿಂದಿರುಗಿ ನೋಡಬಾರದು!" ಎಂದು ಕೂಗುತ್ತಲೇ ಇದ್ದಳು. ನಾವು ನೋಡಲಿಲ್ಲ. ಯಾರೂ, ಎಲ್ಲಿಯೂ ನೋಡಲಿಲ್ಲ. ಬಸ್ಸು ಹತ್ತಿ ಸೀಟು ಸಿಕ್ಕಾಗ ಅಪ್ಪ ಯುದ್ಧ ಗೆದ್ದವರ ಹಾಗೆ ಹಣೆ ಒರೆಸಿಕೊಂಡರು.

ಪ್ಯಾಸೆಂಜರ್ ಗಾಡಿ ಬಿಡದಿ ದಾಟಿ ರಾಮನಗರದ ಬಂಡೆಗಳು ಕಾಣುವ ಹೊತ್ತಿಗೆ ತಮ್ಮ ರಾಗ ಎಳೆದ. "ಅಮ್ಮಾ, ಹಸಿವು. ಪುಳಿಯೋಗರೆ."

ಅಮ್ಮ ಸೀಟಿನ ಕೆಳಗೆ ಬಗ್ಗಿದಳು. ಟ್ರಂಕಿನ ಹಿಂದೆ ನೋಡಿದಳು. ಮೇಲಿನ ಹಲಗೆ ನೋಡಿದಳು.

"ರೀ, ಚೀಲ ಎಲ್ಲಿಟ್ರಿ?"

"ನಾನಾ? ನೀನಲ್ವಾ ಎತ್ಕೊಂಡಿದ್ದು?"

"ಇಟ್ಟೋರು ನೀವು, ನೀವೇ ಎತ್ಕೋತೀರ ಅಂತ ನಾನು..."

"ಬುತ್ತಿ ನಿಂದು, ನೀನೇ ಎತ್ಕೋತೀಯ ಅಂತ ನಾನು..."

ಗಾಡಿ ಗಡಗಡ ಅಂತ ಹೋಗುತ್ತಲೇ ಇತ್ತು. ಎದುರು ಸೀಟಿನ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರು ನಮ್ಮನ್ನೇ ನೋಡುತ್ತಿದ್ದವರು ಮುಖ ಕಿಟಕಿಯ ಕಡೆ ತಿರುಗಿಸಿಕೊಂಡರು.

ಆ ಚೀಲದ ಗತಿ ಏನಾಯಿತು ಅಂತ ಇಲ್ಲೇ ಹೇಳಿಬಿಡುತ್ತೇನೆ. ಮೂಲೆಮನೆ ಆಂಟಿ ಅದನ್ನು ಹೊತ್ತುಕೊಂಡು ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿದರಂತೆ. ಆಮೇಲೆ ನಮ್ಮ ಮನೆಗೆ ತಂದುಕೊಟ್ಟರೆ ಅಜ್ಜಿ ಹೊಸ್ತಿಲು ದಾಟಿಸಲಿಲ್ಲ. ಪ್ರಸ್ಥಾನಕ್ಕೆ ಇಟ್ಟದ್ದು, ಹೋದವರು ಬರುವುದಕ್ಕೆ ಮೊದಲೇ ಮನೆಗೆ ಬಂದರೆ ಅಪಶಕುನವಂತೆ! ಕೊನೆಗೆ ಆಂಟಿಯ ಮಕ್ಕಳೇ ಎಲ್ಲ ತಿಂದರು. ಆ ಕೋಡುಬಳೆಯ ರುಚಿಯನ್ನು ಅವರ ದೊಡ್ಡ ಮಗ ನನ್ನ ಮದುವೆಯಲ್ಲೂ ನೆನೆಸಿಕೊಂಡ. ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ.

ರಾಮನಗರದಲ್ಲಿ ಗಾಡಿ ನಿಂತಾಗ ಅಪ್ಪ ಇಳಿದು ವಾಪಸ್ಸು ಹೋಗೋಣವೇ ಅಂತ ಒಂದು ಸಲ ಎದ್ದರು. ಟಿಕೆಟ್ಟು ನೆನಪಾಗಿ ಕೂತರು. ಅವರಿಗೆ ಕೋಪ ಬಂದರೆ ಕೂಗುತ್ತಿರಲಿಲ್ಲ, ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು, ಅದೇ ಹೆಚ್ಚು ಹೆದರಿಕೆ.

"ಇನ್ನು ಮೂರು ದಿನ ಒಂದೊಂದು ತುತ್ತಿಗೂ ದುಡ್ಡು ಬಿಚ್ಚಬೇಕು. ಆ ದೊಡ್ಡ ಹೋಟ್ಲು ಊಟ ಮರೆತುಬಿಡು."

"ಹ್ಞೂಂ," ಅಂದಳು ಅಮ್ಮ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಗಾದೆ. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಚನ್ನಪಟ್ಟಣ ಬಂತು, ಹೋಯಿತು. ಗಾಡಿಯ ಕಿಡಿ ಕಣ್ಣಿಗೆ ಬಿತ್ತು ಅಂತ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಒಂದು ಕಣ್ಣಿಗಲ್ಲ, ಎರಡಕ್ಕೂ. ನನಗೆ ಅಯ್ಯೋ ಅನ್ನಿಸಿತು. ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟೆ, ಅವಳು ಸುಮ್ಮನೆ ನನ್ನ ಕೂದಲು ಬಿಡಿಸುತ್ತಾ ಕೂತಳು. ಮದ್ದೂರಿನಲ್ಲಿ ಅಪ್ಪ ಎರಡು ವಡೆ ಕೊಂಡರು, ನಾಲ್ಕು ಜನಕ್ಕೆ. ಅಮ್ಮ ತನ್ನ ಅರ್ಧವನ್ನು ಮುರಿದು ನನಗೂ ತಮ್ಮನಿಗೂ ಕೊಟ್ಟಳು.

ಮೈಸೂರಿನ ಛತ್ರದಲ್ಲಿ ಒಂದು ಕೋಣೆ ಸಿಕ್ಕಿತು. ಆ ಸಂಜೆ ಬನ್ನು, ಬಾಳೆಹಣ್ಣು. ಅಪ್ಪ ಬನ್ನು ಮುರಿದು ಹಂಚುವಾಗ ಯಾರ ಮುಖವನ್ನೂ ನೋಡಲಿಲ್ಲ. ಅರಮನೆ ನೋಡಿಕೊಂಡು ಬಂದೆವು, ಹೊರಗಿನಿಂದ. ಅಪ್ಪ ಗೋಪುರ ತೋರಿಸಿ ಒಡೆಯರ ಕತೆ ಹೇಳಲು ಶುರು ಮಾಡಿದರು, ಅರ್ಧಕ್ಕೇ ನಿಲ್ಲಿಸಿದರು.

ಮಾರನೇ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಮ್ಮ ಕೋಣೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ, ಛತ್ರದ ಹಿತ್ತಲಿನಲ್ಲಿ, ಪ್ರವಾಸಕ್ಕೆ ಅಂತ ಉಟ್ಟುಕೊಂಡಿದ್ದ ಹೊಸ ವಾಯಿಲ್ ಸೀರೆಯ ಸೆರಗು ಸುತ್ತಿಕೊಂಡು, ಸೀಮೆಎಣ್ಣೆ ಸ್ಟವ್ವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ! ಪಕ್ಕದ ಕೋಣೆಯಲ್ಲಿ ಇಳಿದಿದ್ದ ದಾವಣಗೆರೆ ಕಡೆಯವರ ಹತ್ತಿರ ಸ್ಟವ್ವು, ಪಾತ್ರೆ ಕೇಳಿ ಪಡೆದು, ಬೀದಿಯ ಅಂಗಡಿಯಿಂದ ಅಕ್ಕಿ ಬೇಳೆ ತಂದು, ಹುಳಿಯನ್ನಕ್ಕೆ ಇಟ್ಟುಬಿಟ್ಟಿದ್ದಳು. ಸ್ಟವ್ವು ಹೊಗೆ ಕಾರುತ್ತಿತ್ತು, ಅಮ್ಮ ಕೆಮ್ಮುತ್ತಾ ಬತ್ತಿ ತಗ್ಗಿಸುತ್ತಿದ್ದಳು.

"ಏನಮ್ಮ ಇದು, ಇಲ್ಲೂ ಅಡುಗೆ?" ಅಂದೆ.

"ಇವತ್ತಿಂದು ನಾನೇ ಮಾಡ್ಬಿಟ್ರೆ ಖರ್ಚು ಉಳಿಯತ್ತೆ ಕಣೇ," ಅಂದಳು. ಉಳಿದದ್ದು ಯಾತಕ್ಕೆ ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವಳ ಲೆಕ್ಕದಲ್ಲಿ ಶುಕ್ರವಾರ ಇನ್ನೂ ಮುಗಿದಿರಲಿಲ್ಲ.

ಆದರೆ ಅಮ್ಮನ ಒಗ್ಗರಣೆಯ ವಾಸನೆ ಸುಮ್ಮನಿರುವಂಥದ್ದಲ್ಲ. ಸ್ಟವ್ವು ಕೊಟ್ಟವರ ನಾಲ್ಕು ಮಕ್ಕಳು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಮಕ್ಕಳು ನಿಂತು ನೋಡುತ್ತಿದ್ದರೆ ಅಮ್ಮನ ಕೈ ಕಟ್ಟಿಹಾಕಲು ಸಾಧ್ಯವೇ? ಎಲೆ ಹರಿದು ಅವರಿಗೂ ಬಡಿಸಿದಳು. ಅಪ್ಪನಿಗೆ, ನಮಗೆ ಬಡಿಸಿದಳು. ಆ ಮಕ್ಕಳ ತಾಯಿ ಬಂದು, "ಯಕ್ಕಾ, ನಿಮ್ಮ ಕೈರುಚಿ ಭಾರಿ ಐತಿ ನೋಡ್ರಿ," ಅಂದಾಗ ಅಮ್ಮನಿಗೆ ಖುಷಿಯಾಗಿ ಆಕೆಗೂ ಒಂದು ಸೌಟು ಹಾಕಿದಳು. ಕೊನೆಗೆ ಪಾತ್ರೆ ಬರಿದು. ಅಮ್ಮ ಗೋಡೆಯ ಕಡೆ ತಿರುಗಿ ನಿಂತುಕೊಂಡೇ ಪಾತ್ರೆಯ ತಳ ಕೆರೆದು, ಸೀದುಹೋದ ಹಕ್ಕಳೆಯನ್ನು ಬಾಯಿಗೆ ಹಾಕಿಕೊಂಡಳು. ಎರಡು ಸಲ ಹಾಕಿಕೊಂಡಳು, ನೀರು ಕುಡಿದಳು, ಪಾತ್ರೆ ಉಜ್ಜಲು ಕೂತಳು.

ಅಪ್ಪ ಕೈ ತೊಳೆಯಲು ಬಂದವರು ಕಂಬದ ಹತ್ತಿರ ನಿಂತುಬಿಟ್ಟಿದ್ದರು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಲಿಲ್ಲ. ಕೈಯ ಮೇಲಿನ ಹುಳಿಯನ್ನ ಒಣಗುತ್ತಿತ್ತು. ಅಮ್ಮನ ಬೆನ್ನನ್ನೇ ನೋಡುತ್ತಿದ್ದರು. ಆಮೇಲೆ ಹೊರಗೆ ಹೋದರು, ಎಷ್ಟೋ ಹೊತ್ತು ಬರಲಿಲ್ಲ. ಅಪ್ಪ ಜಿಪುಣರಲ್ಲ ಎಂದು ನಾನು ಆಗಲೇ ಹೇಳಿದೆನಲ್ಲ, ಕೆಟ್ಟವರೂ ಅಲ್ಲ. ಮಕ್ಕಳಿಗೆ ಲೋಕ ತೋರಿಸುವ ಆತುರದಲ್ಲಿ ಮುಂದೆ ನೋಡಿಕೊಂಡೇ ನಡೆಯುತ್ತಿದ್ದವರು, ಹಿಂದೆ ಬರುತ್ತಿದ್ದವಳ ಕೈಯಲ್ಲಿ ಏನಿದೆ ಅಂತ ಕಂಡಿರಲಿಲ್ಲ, ಅಷ್ಟೇ.

ಸಂಜೆ ಬಸ್ಸಿನಲ್ಲಿ ಕನ್ನಂಬಾಡಿಗೆ ಹೋದೆವು. ಅಬ್ಬಾ! ನಾನು ಎಷ್ಟು ಕೇಳಿದ್ದೆನೋ ಅದಕ್ಕಿಂತ ಚೆಂದ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು, ಕತ್ತರಿಸಿಟ್ಟ ಗಿಡಗಳು, ತುಂತುರು ಮುಖಕ್ಕೆ ಹೊಡೆಯುವ ಕಾರಂಜಿಗಳು. ತಮ್ಮ ಹುಚ್ಚೆದ್ದವನ ಹಾಗೆ ಓಡಾಡಿದ. ಅಮ್ಮ ಒಂದು ಕಲ್ಲುಬೆಂಚಿನ ಮೇಲೆ ಕೂತು ನಮ್ಮ ಚಪ್ಪಲಿ ಕಾಯುತ್ತಿದ್ದಳು. ಆ ಬೆಂಚಿನಿಂದ ಮೇಲೆ ನೋಡಿದರೆ ದೊಡ್ಡ ಹೋಟೆಲ್ಲು ನೇರ ಕಾಣುತ್ತಿತ್ತು. ಅವಳು ಅದಕ್ಕೆ ಬೆನ್ನು ಮಾಡಿ ಕೂತಿದ್ದಳು.

ಬೆಳಕು ಕಡಿಮೆಯಾಗುತ್ತಾ ಬಂದಾಗ ಅಪ್ಪ ನಮ್ಮನ್ನು ಹತ್ತಿರ ಕರೆದರು. "ನಾಳೆ ಝೂ ಇಲ್ಲ," ಅಂದರು.

ತಮ್ಮ ಒಂದೇ ಸಲ ಬಾಯಿ ತೆರೆದ. ನನಗೂ ಅಳು ಬಂತು. ಜಿರಾಫೆ ನೋಡಬೇಕೆಂದು ನಾವಿಬ್ಬರೂ ವರ್ಷದಿಂದ ಜಪ ಮಾಡಿದ್ದೆವು. "ಯಾಕೆ? ಯಾಕೆ ಇಲ್ಲ?" ಎಂದು ನಾನು ಕಾಲು ನೆಲಕ್ಕೆ ಅಪ್ಪಳಿಸಿದೆ.

"ನಾಳೆ ಬೆಳಿಗ್ಗೆ ಮೊದಲನೇ ಗಾಡಿಗೇ ವಾಪಸ್ಸು. ಆ ದುಡ್ಡಲ್ಲಿ ಇವತ್ತು ಮೇಲೆ ಹೋಟ್ಲಲ್ಲಿ ಊಟ."

ಅಮ್ಮ ಬೆಂಚಿನಿಂದ ಎದ್ದೇಬಿಟ್ಟಳು. "ಬೇಡಾ ರೀ! ಊಟ ಬೇಡ. ಬನ್ನು ತಿಂದ್ರಾಯ್ತು. ಮಕ್ಕಳು ಜಿರಾಫೆ ಜಿರಾಫೆ ಅಂತ ಪ್ರಾಣ ಬಿಡ್ತಿದಾವೆ, ಅವಕ್ಕೆ ತೋರಿಸಿ ಮೊದಲು."

"ಜಿರಾಫೆ ಮುಂದಿನ ವರ್ಷನೂ ಅಷ್ಟೇ ಉದ್ದ ಇರತ್ತೆ," ಅಂದರು ಅಪ್ಪ. "ನಡಿ."

"ಅಲ್ಲಾ ರೀ..."

"ನಡಿ ಅಂದೆನಲ್ಲ." ಅದೇ ಸಣ್ಣ ದನಿ. ಆದರೆ ಈ ಸಲ ಹೆದರಿಕೆಯಾಗಲಿಲ್ಲ.

ಹೋಟೆಲಿನ ಮೆಟ್ಟಿಲ ಬಳಿ ಅಮ್ಮ ನಿಂತು ಚಪ್ಪಲಿಯ ಮಣ್ಣನ್ನು ಹುಲ್ಲಿಗೆ ಉಜ್ಜಿದಳು, ಸೆರಗು ಸರಿಮಾಡಿಕೊಂಡಳು, ತಮ್ಮನ ಮೂಗು ಒರೆಸಿದಳು. ಒಳಗೆ ಎತ್ತರದ ಕಿಟಕಿಗಳು, ನಿಜವಾಗಿಯೂ ಬಿಳೀ ಬಟ್ಟೆ, ಪೇಟ ಕಟ್ಟಿದ ಸರ್ವರ್ ಒಬ್ಬ ಬಂದು ಅಮ್ಮನಿಗೆ ಕುರ್ಚಿ ಎಳೆದುಕೊಟ್ಟ. ಅಮ್ಮನಿಗೆ ಅದು ಯಾಕೆಂದು ತಿಳಿಯಲಿಲ್ಲ. "ಪರವಾಗಿಲ್ಲಪ್ಪ, ನೀವು ಕೂತ್ಕೊಳ್ಳಿ," ಅಂದಳು. ಅವನು ನಕ್ಕ. ಅವಳು ನಾಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು, ಯಾರಾದರೂ ಕರೆದರೆ ತಟ್ಟನೆ ಏಳಬೇಕು ಅನ್ನುವ ಹಾಗೆ.

"ಏನ್ ಕೊಡ್ಲಿ ಸಾರ್?"

ಅಪ್ಪ 'ಅ' ಅನ್ನುವಷ್ಟರಲ್ಲಿ ಅಮ್ಮ ಶುರು ಮಾಡಿದಳು. "ಚಿಕ್ಕವನಿಗೆ ಪೂರಿ ಕೊಡಿ, ಸಾಗೂಗೆ ಖಾರ ಬೇಡ, ಅವನಿಗೆ ಕೆಮ್ಮಿದೆ. ಇವಳಿಗೆ ಪಲಾವು, ಅದರಲ್ಲಿ ಲವಂಗ ಬಾಯಿಗೆ ಸಿಕ್ಕಿದ್ರೆ ಊಟನೇ ಬಿಟ್ಟೇಳ್ತಾಳೆ, ನೋಡಿ ತೆಗೆದುಬಿಡಿ. ಇವರಿಗೆ ಚಪಾತಿ, ಪಲ್ಯ, ಕೊನೇಲಿ ಮೊಸರನ್ನ, ಮೊಸರು ಹುಳಿ ಇರಬಾರದು."

ಸರ್ವರ್ ಎಲ್ಲಕ್ಕೂ ತಲೆಯಾಡಿಸಿದ. "ತಮಗಮ್ಮಾ?"

ನಾನು ಅಮ್ಮನ ಮುಖ ನೋಡುತ್ತಿದ್ದೆ. ಅವಳು ಅವನನ್ನು ನೋಡಿದಳು, ಮೇಜಿನ ಮೇಲಿದ್ದ ಕಾರ್ಡನ್ನು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು, ನೀವೇ ಹೇಳಿ ಅನ್ನುವ ಹಾಗೆ. ಅಪ್ಪನಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಮ್ಮಮ್ಮನಿಗೆ ಏನು ಇಷ್ಟ ಅಂತ ಆ ಮೇಜಿನ ಸುತ್ತ ಕೂತಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಅಷ್ಟು ಹೊತ್ತು ಜಿರಾಫೆಗಾಗಿ ಅತ್ತದ್ದಕ್ಕಿಂತ ಜಾಸ್ತಿ ಅಳು ಬಂತು, ಯಾಕೆ ಅಂತ ಆಗ ಹೇಳಲು ಬರುತ್ತಿರಲಿಲ್ಲ.

"ಏನಾದ್ರೂ ಸರಿ ಕಣಪ್ಪಾ," ಅಂದಳು ಅಮ್ಮ ಕೊನೆಗೆ. "ಬಿಸಿಯಾಗಿರಲಿ."

ಅವನು ತಂದಿಟ್ಟದ್ದು ಅನ್ನ, ತಿಳಿಸಾರು, ಒಂದು ಚಿಕ್ಕ ಬಟ್ಟಲಲ್ಲಿ ತುಪ್ಪ. ಅಮ್ಮ ದಿನಾ ಮನೆಯಲ್ಲಿ ಮಾಡುವುದೇ ಅದು. ಇಷ್ಟು ಖರ್ಚು ಮಾಡಿ ಸಾರನ್ನವೇ ಎಂದು ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅಮ್ಮನನ್ನು ನೋಡುತ್ತಿದ್ದರು. ಅನ್ನದಿಂದ ಹಬೆ ಏಳುತ್ತಿತ್ತು. ಅಮ್ಮ ಕಲಸಲು ಕೈ ಹಾಕಿ, ಸುಟ್ಟು, ಬೆರಳು ಹಿಂದಕ್ಕೆಳೆದು, ಊದಿ, ಮತ್ತೆ ಹಾಕಿದಳು. ಮೊದಲನೇ ತುತ್ತು ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು, ಬಿಸಿಗೋ ಏನೋ. ಆ ಹೊತ್ತಿಗೆ ಕಿಟಕಿಯಾಚೆ ತೋಟದ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಅಲ್ಲಿ ಊಟಕ್ಕೆ ಕೂತಿದ್ದವರೆಲ್ಲ "ಓಹೋ" ಎಂದು ಕುರ್ಚಿ ಬಿಟ್ಟು ಕಿಟಕಿಗೆ ಹೋದರು. ಅಮ್ಮ ತಲೆ ಎತ್ತಲಿಲ್ಲ.

ತಮ್ಮನ ಪೂರಿ ಬಂತು. ಉಬ್ಬಿದ ಪೂರಿ ಮುಟ್ಟಲು ಹೋಗಿ ಅವನು ಕೈ ಸುಟ್ಟುಕೊಂಡು, "ಅಮ್ಮಾ, ಹರಿದುಕೊಡು!" ಎಂದ. ಅಮ್ಮ ತುತ್ತನ್ನು ತಟ್ಟೆಗೆ ಬಿಟ್ಟು, ಎಡಗೈ ಮೇಜಿಗೆ ಊರಿ ಅರ್ಧ ಎದ್ದಿದ್ದಳು.

"ಕೂತ್ಕೋ," ಅಂದರು ಅಪ್ಪ. "ನಿಂದು ಆರೋಗತ್ತೆ."

ತಮ್ಮನ ತಟ್ಟೆಯನ್ನು ಅವರೇ ತಮ್ಮ ಮುಂದಕ್ಕೆ ಎಳೆದುಕೊಂಡರು. ಅಪ್ಪನಿಗೆ ಪೂರಿ ಹರಿದು ಅಭ್ಯಾಸವೇ ಇರಲಿಲ್ಲ. ಉಗಿ ಹೊಡೆದು ಬೆರಳು ಚುರುಗುಟ್ಟಿ, ಸಾಗು ಬಿಳೀ ಬಟ್ಟೆಯ ಮೇಲೆಲ್ಲ ಚೆಲ್ಲಿತು. ಅವರು ನಿಲ್ಲಿಸಲಿಲ್ಲ. ಅಮ್ಮ ಒಂದು ಕ್ಷಣ ಹಾಗೇ ನಿಂತಿದ್ದು, ಮೆಲ್ಲಗೆ ಕೂತಳು, ಈ ಸಲ ಕುರ್ಚಿಯ ಬೆನ್ನಿಗೆ ಒರಗಿ. ಸರ್ವರ್ ಬೋಗುಣಿ ಹಿಡಿದುಕೊಂಡು ಪಕ್ಕಕ್ಕೆ ಬಂದಾಗ ಅಮ್ಮ ಬೇಡ ಅನ್ನಲಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಂಡಳು.